ಹೆಗಲು ಮುಟ್ಟಿ ನೋಡುವುದು

ಶನಿವಾರ ಬೆಳಗಿನ ಏಳು ಗಂಟೆಗೆ ನಮ್ಮ ಮನೆ ಮುಂದೆ ಗೊತ್ತಿಲ್ಲದ ಒಬ್ಬರು ಬಂದು ನಿಲ್ಲುತ್ತಾರೆ. ಹೆಸರು ಗೊತ್ತಿರುತ್ತದೆ, ಮುಖವನ್ನು ಫೋನಿನಲ್ಲಿ ನೋಡಿರುತ್ತೇನೆ, ಲೈಸೆನ್ಸ್ ಸರಿಯಿದೆ ಎಂದು ಕಾರು ಬಾಡಿಗೆಗೆ ಕೊಡಿಸುವ ಸಂಸ್ಥೆಯವರು ಒಪ್ಪಿರುತ್ತಾರೆ. ಅದರಾಚೆ ಏನೂ ಗೊತ್ತಿಲ್ಲ. ಸಿಟ್ಟು ಬಂದಾಗ ಹೇಗೆ ಓಡಿಸುತ್ತಾರೆ, ರಾತ್ರಿ ನಿದ್ದೆ ಮಾಡಿದ್ದಾರಾ, ಎರವಲು ತಂದ ಪಾತ್ರೆಯನ್ನು ತೊಳೆದು ಕೊಡುವ ಮನೆಯವರಾ ಅಥವಾ ಹಾಗೇ ಕೊಡುವವರಾ, ಇದ್ಯಾವುದನ್ನೂ ಲೈಸೆನ್ಸ್ ಹೇಳುವುದಿಲ್ಲ. ನಾನು ಕಾರಿನ ಕೀಯನ್ನು ಅಂಗೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತೇನೆ. ಅವರ ಕೈಗೆ ಹೋಗುವಾಗ ಆ ಕೀ ಬೆಚ್ಚಗಿರುತ್ತದೆ.

ಕಾರು ಕೆಂಪು ಬಣ್ಣದ ಮಾಜ್ದಾ ಮಿಯಾಟಾ, 2016ರ ಮಾದರಿ. ಎರಡೇ ಸೀಟು, ಕೈಯಿಂದಲೇ ಹಿಂದಕ್ಕೆ ಮಡಚುವ ಬಟ್ಟೆಯ ಚಾವಣಿ, ಆರು ಗೇರು, ಎಡಗಾಲಿಗೆ ಕ್ಲಚ್ಚು. ತೂಕ ಸುಮಾರು 1,060 ಕಿಲೋ, ಶಕ್ತಿ 155 ಅಶ್ವಬಲ. ಇಲ್ಲಿಯ ರಸ್ತೆಗಳಲ್ಲಿ ಓಡಾಡುವ ದೊಡ್ಡ ಸ್ಪೋರ್ಟ್ಸ್ ಕಾರುಗಳ ಪಕ್ಕದಲ್ಲಿ ಇದು ಚಿಕ್ಕದು. ಆದರೆ ಬೆಟ್ಟದ ತಿರುವಿನಲ್ಲಿ ಅದು ನಮ್ಮ ಮನಸ್ಸಿಗಿಂತ ಅರೆಕ್ಷಣ ಮೊದಲೇ ತಿರುಗಿರುತ್ತದೆ. ಮಗ ಕಾಲೇಜಿಗೆಂದು ಮನೆ ಬಿಟ್ಟ ವರ್ಷ ಕೊಂಡೆ. ಮೈಸೂರಿನ ಚಿಕ್ಕಪ್ಪನ ಮಾರುತಿ 800ರಲ್ಲಿ ಕಲಿತ ಕ್ಲಚ್ಚು ನನ್ನ ಎಡಗಾಲಲ್ಲಿ ಇಪ್ಪತ್ತು ವರ್ಷ ಕೆಲಸವಿಲ್ಲದೆ ಕೂತಿತ್ತು. ಅಂಗಡಿಯವನ ಜೊತೆ ಮೊದಲ ಸಲ ಓಡಿಸಿ ನೋಡಿದಾಗ ಕಾಲು ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು. ಅವತ್ತು ಸಂಜೆಯೇ ಮುಂಗಡ ಕೊಟ್ಟು ಬಂದೆ.

ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಫ್ರೀಮಾಂಟ್‌ನಲ್ಲಿ. ವಾರದ ಐದು ದಿನ ಆ ಕಾರು ಶೆಡ್ಡಿನಲ್ಲಿ ಕತ್ತಲಲ್ಲಿ ನಿಂತಿರುತ್ತಿತ್ತು. ಓಡದ ಕಾರು ನಿಂತಲ್ಲೇ ಹಾಳಾಗುತ್ತದೆ. ಬ್ಯಾಟರಿ ಇಳಿಯುತ್ತದೆ, ಟೈರು ನೆಲಕ್ಕೆ ಒತ್ತಿಕೊಂಡ ಕಡೆ ಚಪ್ಪಟೆಯಾಗುತ್ತದೆ, ಬ್ರೇಕಿನ ಡಿಸ್ಕಿನ ಮೇಲೆ ತುಕ್ಕಿನ ಪೊರೆ ಕೂರುತ್ತದೆ. ಗೆಳತಿಯೊಬ್ಬಳು ಹೇಳಿದಳು, ಸುಮ್ಮನೆ ನಿಲ್ಲಿಸುವ ಬದಲು ಬಾಡಿಗೆಗೆ ಕೊಡು, ಈಗ ಎಲ್ಲರೂ ಕೊಡ್ತಾರೆ ಅಂತ. ಅವಳ ಮಾತು ನಿಜ. ರಿಲೇರೈಡ್ಸ್ ಎಂಬ ಹೆಸರಿನಲ್ಲಿ 2010ರಲ್ಲಿ ಬಾಸ್ಟನ್ ಕಡೆ ಶುರುವಾಗಿ 2015ರಲ್ಲಿ ಟ್ಯೂರೊ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಹುಟ್ಟಿ 2025ರ ತನಕ ಈ ದೇಶದಲ್ಲಿದ್ದ ಗೆಟ್‌ಅರೌಂಡ್, ಇಂಥವುಗಳಿಂದಾಗಿ ಸ್ವಂತ ಕಾರನ್ನು ಅಪರಿಚಿತರಿಗೆ ದಿನದ ಲೆಕ್ಕದಲ್ಲಿ ಕೊಡುವುದು ಇಲ್ಲಿ ಮನೆಯ ಒಂದು ಕೋಣೆ ಬಾಡಿಗೆಗೆ ಕೊಟ್ಟಷ್ಟೇ ಸಹಜವಾಗಿದೆ. ಕಾರಿನ ಫೋಟೊ ಹಾಕಿ, ದಿನಕ್ಕೆ ಇಷ್ಟು ಡಾಲರು, ಇಷ್ಟು ಮೈಲಿ ಮಿತಿ ಅಂತ ಬರೆದರಾಯಿತು. ಬಂದದ್ದರಲ್ಲಿ ಸಂಸ್ಥೆ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ನಮ್ಮ ಖಾತೆಗೆ ಹಾಕುತ್ತದೆ. ನಾನು ಅಂಥ ಒಂದು ಸಂಸ್ಥೆಗೆ ಸೇರಿದೆ. ದಿನಕ್ಕೆ 85 ಡಾಲರು ಎಂದು ಬರೆದೆ.

ಅವತ್ತು ರಾತ್ರಿ ನಾಗಮಂಗಲದಿಂದ ಅಮ್ಮ ಫೋನು ಮಾಡಿದಾಗ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುತು ಪರಿಚಯ ಇಲ್ದೋರ್ಗೆ ಕೊಟ್ಬುಡ್ತೀಯಾ?" ಅಂದಳು. ಆಮೇಲೆ ಅವಳೇ, "ನಿಮ್ಮಪ್ಪನೂ ಎತ್ತು ಕೊಡ್ತಿದ್ರಲ್ಲ, ಹಂಗೇ ಅನ್ಕೋ" ಅಂದಳು. ಅಮ್ಮ ಆ ಮಾತು ಹೇಳದಿದ್ದರೆ ಇದನ್ನು ನಾನು ಬಹುಶಃ ಒಂದೇ ವರ್ಷಕ್ಕೆ ಬಿಟ್ಟುಬಿಡುತ್ತಿದ್ದೆ.

ನಮ್ಮೂರು ಮಳೆ ನಂಬಿದ ಊರು. ರಾಗಿ, ಹುರುಳಿ, ಅವರೆ. ಮುಂಗಾರಿನ ಮಳೆ ಬಿದ್ದು ನೆಲ ಹದವಾದರೆ ಎರಡು ಮೂರು ದಿನದೊಳಗೆ ಉತ್ತು ಮುಗಿಸಬೇಕು. ಊರಿಗೆಲ್ಲ ಒಂದೇ ಹೊತ್ತಿಗೆ ಎತ್ತು ಬೇಕು. ಎಲ್ಲರ ಮನೆಯಲ್ಲೂ ಜೋಡಿ ಇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಬೂದು ಬಣ್ಣ, ಉದ್ದನೆಯ ಮುಖ, ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾದ ಕೊಂಬು, ನಡೆದರೆ ಮಿಂಚಿನಂಥ ಹೆಜ್ಜೆ. ರಾತ್ರಿ ಊಟದ ಹೊತ್ತಿಗೆ ಯಾರೋ ಬಂದು ಜಗುಲಿಯ ಅಂಚಿನಲ್ಲಿ ಕೂರುತ್ತಿದ್ದರು. ನಾಳೆ ಒಂದು ದಿನ ಎತ್ತು ಬೇಕು ಎಂದು ಯಾರೂ ನೇರವಾಗಿ ಕೇಳುತ್ತಿರಲಿಲ್ಲ. ಮಳೆಯ ಮಾತು, ಬೀಜದ ಮಾತು ಆಡಿ ಕೊನೆಗೆ ಅಲ್ಲಿಗೆ ಬರುತ್ತಿದ್ದರು. ಅಪ್ಪ ಕೊಡುತ್ತಿದ್ದರು. ದುಡ್ಡಿನ ಮಾತಿರಲಿಲ್ಲ. ಅದು ಮುಯ್ಯಿಯ ಲೆಕ್ಕ. ಎತ್ತಿನ ಒಂದು ದಿನಕ್ಕೆ ಅವರು ನಮ್ಮ ಹೊಲದಲ್ಲಿ ಕಳೆಗೋ ಕುಯ್ಲಿಗೋ ಎರಡು ದಿನ ಬರುತ್ತಿದ್ದರು. ಅಪ್ಪನ ಷರತ್ತು ಮೂರೇ. ಮೇವು ನೀರು ನಿಮ್ಮದು, ಬಾರುಕೋಲು ಬೀಸಕೂಡದು, ದೀಪ ಹಚ್ಚುವ ಮುಂಚೆ ಕೊಟ್ಟಿಗೆಗೆ ಬರಬೇಕು.

ಎತ್ತುಗಳು ವಾಪಸ್ಸು ಬಂದಾಗ ಅಪ್ಪ ಏನನ್ನೂ ಕೇಳುತ್ತಿರಲಿಲ್ಲ. ತಂದವರ ಜೊತೆ ಮಾತಾಡುತ್ತಲೇ ಅಂಗೈಯನ್ನು ಎತ್ತಿನ ಹೆಗಲ ಮೇಲಿಟ್ಟು ನಿಧಾನವಾಗಿ ಸವರುತ್ತಿದ್ದರು. ನೊಗ ಕೂರುವ ಜಾಗ ಅದು. ನೊಗ ಓರೆಯಾಗಿ ಕೂತಿದ್ದರೆ, ಜತ್ತಿಗೆ ಹಗ್ಗ ಬಿಗಿಯಾಗಿದ್ದರೆ ಅಲ್ಲಿ ಬಿಸಿ ಹತ್ತಿರುತ್ತದೆ. ಇನ್ನೂ ಬಾವು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಒಂದು ವರ್ಷ ಎಡಗಡೆಯ ಎತ್ತು ಹೆಗಲು ಊದಿಸಿಕೊಂಡು ಬಂತು. ಒಯ್ದಿದ್ದವರು ತಲೆ ತಗ್ಗಿಸಿ ನಿಂತಿದ್ದರು. ಅಪ್ಪ ಬೈಯಲಿಲ್ಲ. ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು, ಎಂಟು ದಿನ ನೊಗ ಹಾಕಲಿಲ್ಲ. ಮುಂದಿನ ಮುಂಗಾರಿಗೆ ಅದೇ ಮನುಷ್ಯ ಮತ್ತೆ ಬಂದು ಜಗುಲಿಯ ಅಂಚಿನಲ್ಲಿ ಕೂತಾಗ ಅಮ್ಮ ಒಳಗಿನಿಂದ ಪಾತ್ರೆ ಸದ್ದು ಮಾಡಿದಳು. ಅಪ್ಪ ಮತ್ತೆ ಕೊಟ್ಟರು. ಆದರೆ ಬೆಳಗಿನ ಜಾವ ತಾವೇ ಅವರ ಜೊತೆ ಹೊಲದ ಬದುವಿನ ತನಕ ಹೋಗಿ, ನೊಗ ಹೇಗೆ ಇಡಬೇಕು, ಜತ್ತಿಗೆಯಲ್ಲಿ ಎಷ್ಟು ಸಡಿಲ ಬಿಡಬೇಕು ಎಂದು ಕಟ್ಟಿ ತೋರಿಸಿ ಬಂದರು. ನಾನು ಅಪ್ಪನ ಹಿಂದೆ ಹೋಗಿದ್ದೆ. ಎರಡು ಬೆರಳು ಒಳಗೆ ಆಡಬೇಕು ಎಂದು ಅಪ್ಪ ಹೇಳಿದ್ದು, ತಮ್ಮ ಎರಡು ಬೆರಳನ್ನು ಹಗ್ಗದೊಳಗೆ ಇಟ್ಟು ಆಡಿಸಿದ್ದು, ನನ್ನ ಕಣ್ಣಿನಲ್ಲಿ ಇವತ್ತೂ ಇದೆ.

ಮೊದಲ ಬಾಡಿಗೆಗೆ ಬಂದವರು ಎಪ್ಪತ್ತು ದಾಟಿದ ಹಿರಿಯರು. ಹತ್ತು ನಿಮಿಷ ಮೊದಲೇ ಬಂದು ರಸ್ತೆಯ ಆಚೆ ಬದಿಯಲ್ಲಿ ಕಾಯುತ್ತಿದ್ದರು. ಹರೆಯದಲ್ಲಿ ಅವರ ಹತ್ತಿರ ಒಂದು ಎಂಜಿಬಿ ಕಾರು ಇತ್ತಂತೆ, ಇಂಗ್ಲೆಂಡಿನಿಂದ ಬಂದ, ಹಸಿರು ಬಣ್ಣದ್ದು. ಮೊದಲ ಮಗು ಹುಟ್ಟಿದಾಗ ಮಾರಿದರಂತೆ. ನಾನು ಸೀಟು, ಕನ್ನಡಿ ಎಲ್ಲ ತೋರಿಸಿದ ಮೇಲೆ ಅವರು ಎಂಜಿನ್ ಚಾಲೂ ಮಾಡದೆ ಹಾಗೇ ಕೂತರು. ಕ್ಲಚ್ಚು ಒತ್ತಿ, ಕಣ್ಣು ಮುಚ್ಚಿ, ಒಂದರಿಂದ ಆರರ ತನಕ ಗೇರನ್ನು ಒಂದೊಂದಾಗಿ ಹಾಕಿ ನೋಡಿದರು. ಮತ್ತೆ ಆರರಿಂದ ಒಂದಕ್ಕೆ ಇಳಿದರು. ಕೈಯ ಹಿಂಭಾಗದ ನರಗಳು ಎದ್ದು ಕಾಣುತ್ತಿದ್ದವು. "ನನ್ನದರಲ್ಲಿ ನಾಲ್ಕೇ ಇದ್ದವು" ಅಂದರು. ಕಾರು ರಸ್ತೆಯ ತುದಿಗೆ ಹೋಗಿ ತಿರುಗುವ ತನಕ ನಾನು ನಿಂತೇ ಇದ್ದೆ. ಒಂದನೇ ಗೇರು, ಎರಡನೆಯದು, ಮೂರನೆಯದು. ಸದ್ದಿನಲ್ಲಿ ಎಲ್ಲೂ ತಡವರಿಕೆ ಇರಲಿಲ್ಲ. ಆ ಸದ್ದು ಕೇಳಿದ ಮೇಲೆ ನನಗೆ ನೆಮ್ಮದಿಯಾಯಿತು. ಸಂಜೆ ಬೆಳಕಿರುವಾಗಲೇ ಬಂದರು. ಟ್ಯಾಂಕು ತುಂಬಿತ್ತು. ಪಕ್ಕದ ಸೀಟಿನ ಮೇಲೆ ಕಾಗದದ ಚೀಲದಲ್ಲಿ ಪೆಸ್ಕಡೆರೊದ ಆರ್ಟಿಚೋಕ್ ಬ್ರೆಡ್ಡಿತ್ತು, ನಮಗೆಂದು ತಂದದ್ದು.

ಅವರು ಹೋದ ದಾರಿ ಮುಂದೆ ಬಂದ ಎಲ್ಲರೂ ಹೋದ ದಾರಿಯೇ. ನಮ್ಮ ಮನೆಯ ಹತ್ತಿರದಿಂದ 84ನೇ ನಂಬರಿನ ರಸ್ತೆ ಹಿಡಿದರೆ ಡಂಬಾರ್ಟನ್ ಸೇತುವೆಯ ಮೇಲೆ ಕೊಲ್ಲಿ ದಾಟಿ, ವುಡ್‌ಸೈಡ್ ಎಂಬ ಊರಿನಿಂದ ಬೆಟ್ಟ ಹತ್ತಿ, ರೆಡ್‌ವುಡ್ ಮರಗಳ ಕತ್ತಲೆಯಲ್ಲಿ ಸುತ್ತಿ ಸುತ್ತಿ ಇಳಿದು, ಸ್ಯಾನ್ ಗ್ರೆಗೋರಿಯೊದಲ್ಲಿ ಪೆಸಿಫಿಕ್ ಸಮುದ್ರದ ಎದುರು ಅದೇ ನಂಬರಿನಲ್ಲೇ ಮುಗಿಯುತ್ತದೆ. ಅಲ್ಲಿಂದ ಎಡಕ್ಕೆ ತಿರುಗಿ ಕರಾವಳಿಯ 1ನೇ ನಂಬರಿನ ಹೆದ್ದಾರಿ ಹಿಡಿದರೆ 1872ರಲ್ಲಿ ಮೊದಲು ಬೆಳಗಿದ ಪಿಜನ್ ಪಾಯಿಂಟ್ ದೀಪಸ್ತಂಭ ಸಿಗುತ್ತದೆ. ಚಾವಣಿ ಬಿಚ್ಚಿಕೊಂಡು ಈ ಬೆಟ್ಟ ಹತ್ತುವಾಗ ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಒದ್ದೆ ತೊಗಟೆಯ ವಾಸನೆ, ಕೊನೆಗೆ ಉಪ್ಪುಗಾಳಿ. ಮುಚ್ಚಿದ ಕಾರಿನಲ್ಲಿ ಇದೇ ದಾರಿಯಲ್ಲಿ ಎಷ್ಟೋ ವರ್ಷ ಓಡಾಡಿದ್ದ ನನಗೆ ಇಲ್ಲಿ ಇಷ್ಟು ವಾಸನೆಗಳಿವೆ ಎಂದು ಗೊತ್ತಿರಲಿಲ್ಲ. ಈ ದಾರಿಯನ್ನು ಇನ್ನೊಬ್ಬರಿಗೆ ಹೇಳಬೇಕು ಅನ್ನಿಸುತ್ತದೆ. ಕೀ ಕೊಡುವುದು ನನ್ನ ಮಟ್ಟಿಗೆ ಹಾಗೆ ಹೇಳುವ ಒಂದು ರೀತಿ.

ಈ ಕಾರಿನ ಹುಟ್ಟೂ ಹೀಗೆ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದರಿಂದಲೇ ಆದದ್ದು. ಬಾಬ್ ಹಾಲ್ ಎಂಬ ಅಮೆರಿಕದ ವಾಹನ ಪತ್ರಕರ್ತ 1979ರಲ್ಲಿ ಮಾಜ್ದಾದ ಕೆನಿಚಿ ಯಾಮಾಮೊಟೊ ಅವರ ಮುಂದೆ ಕೂತು, ಹಳೆಯ ಬ್ರಿಟಿಷ್ ರೋಡ್‌ಸ್ಟರುಗಳಂಥ ಹಗುರವಾದ, ಕೈಗೆಟುಕುವ ಕಾರನ್ನು ಈಗ ಯಾರೂ ಮಾಡುತ್ತಿಲ್ಲ, ನೀವು ಮಾಡಿ ಎಂದಿದ್ದರು. ಹತ್ತು ವರ್ಷ ಕಳೆದು, 1989ರ ಫೆಬ್ರವರಿಯಲ್ಲಿ ಷಿಕಾಗೊದ ವಾಹನ ಮೇಳದಲ್ಲಿ ಮಿಯಾಟಾ ಹೊರಬಂತು. 2016ರ ಏಪ್ರಿಲ್‌ನಲ್ಲಿ ಹಿರೋಷಿಮಾದ ಕಾರ್ಖಾನೆಯಿಂದ ಹತ್ತು ಲಕ್ಷನೆಯ ಕಾರು ಇಳಿಯಿತು. ಮಿಯಾಟಾವನ್ನು ರೂಪಿಸಿದವರು ಜಪಾನೀ ಭಾಷೆಯಲ್ಲಿ ಒಂದು ಮಾತು ಇಟ್ಟುಕೊಂಡಿದ್ದರು: ಜಿನ್ಬಾ ಇಟ್ಟಾಯಿ, ಕುದುರೆಯೂ ಸವಾರನೂ ಒಂದೇ ಮೈ. ಹಳ್ಳಿಕಾರ್ ಎತ್ತಿನ ಹಿಂದೆ ನೇಗಿಲು ಹಿಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಕತೆ ನನಗೆ ತಿಳಿದದ್ದು ಬಾಡಿಗೆಗೆ ಬಂದ ಜರ್ಮನ್ ಎಂಜಿನಿಯರ್ ಒಬ್ಬರಿಂದ. ಮಿಯಾಟಾ ಅನ್ನುವುದು ಹಳೆಯ ಜರ್ಮನ್ನಿನ ಪದ, ಸಂಭಾವನೆ, ಪ್ರತಿಫಲ ಎಂಬ ಅರ್ಥದ್ದು. ಅದು ನನಗೆ ಗೊತ್ತಿತ್ತು. ಕೀ ಇಸಿದುಕೊಂಡು ಅವರು ಹೇಳಿದ್ದು ಬೇರೆ. ಅದೇ ಪದ ಸಾವಿರ ವರ್ಷ ಸವೆದು ಇವತ್ತಿನ ಜರ್ಮನ್ನಿನಲ್ಲಿ ಮೀಟೆ ಆಗಿದೆಯಂತೆ. ಮೀಟೆ ಅಂದರೆ ಬಾಡಿಗೆ. "ನೀವು ಬಾಡಿಗೆಗೆ ಕೊಡುತ್ತಿರುವ ಕಾರಿನ ಹೆಸರೇ ಬಾಡಿಗೆ" ಎಂದರು. ಅವರು ಹೋದ ಮೇಲೆ ಹುಡುಕಿ ಓದಿದೆ, ನಿಜವೇ. ಪ್ರತಿಫಲ ಎಂಬ ಮಾತು ಹೇಗೆ ಜಾರಿ ಜಾರಿ ಮನೆಬಾಡಿಗೆಯ ರಸೀದಿಗೆ ಬಂದು ನಿಂತಿತೋ, ಅದನ್ನು ಹಿಂದಕ್ಕೆ ನಡೆಸಿಕೊಂಡು ಹೋಗಬಹುದಾ ಎಂದು ಆ ವಾರವೆಲ್ಲ ತಲೆಯಲ್ಲಿ ಆಡುತ್ತಿತ್ತು.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಮೊದಲ ವರ್ಷ ಇಪ್ಪತ್ತೆರಡು ಸಲ ಕಾರು ಹೋಗಿ ಬಂತು. ಸಂಸ್ಥೆಯ ಪಾಲು ಕಳೆದು ಕೈಗೆ ಬಂದದ್ದು 4,100 ಡಾಲರಿನಷ್ಟು. ವಿಮೆ, ಟೈರು, ಆಯಿಲ್ಲು, ನೋಂದಣಿ, ವರ್ಷಕ್ಕಿಷ್ಟು ಎಂದು ಕರಗುವ ಕಾರಿನ ಬೆಲೆ ಎಲ್ಲ ಕೂಡಿದರೆ 6,000 ದಾಟಿತು. ಲಾಭವಿಲ್ಲ, ಖರ್ಚಿನ ಭಾರ ಇಳಿಯಿತು ಅಷ್ಟೇ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ಕಾನೂನು. 2010ರಲ್ಲಿ ಇಲ್ಲಿಯ ಶಾಸನಸಭೆ ಎಬಿ 1871 ಎಂಬ ಮಸೂದೆಯನ್ನು ಒಪ್ಪಿತು, 2011ರ ಜನವರಿ 1ರಿಂದ ಜಾರಿಗೆ ಬಂತು. ಸ್ವಂತ ಕಾರನ್ನು ಇನ್ನೊಬ್ಬರಿಗೆ ಹೀಗೆ ಕೊಟ್ಟ ಮಾತ್ರಕ್ಕೆ ಅದು ವಾಣಿಜ್ಯ ವಾಹನವಾಗುವುದಿಲ್ಲ, ಕಾರು ಇನ್ನೊಬ್ಬರ ಕೈಯಲ್ಲಿರುವ ಹೊತ್ತಿನ ವಿಮೆಯ ಹೊಣೆ ಕೊಡಿಸಿದ ಸಂಸ್ಥೆಯದು ಎಂದು ಅದು ಹೇಳುತ್ತದೆ. ಆದರೆ ಒಂದು ಷರತ್ತಿದೆ. ವರ್ಷದಲ್ಲಿ ಹೀಗೆ ಬರುವ ಹಣ ಆ ಕಾರನ್ನು ಇಟ್ಟುಕೊಳ್ಳುವ ಖರ್ಚನ್ನು ಮೀರಬಾರದು. ಸಾಲದ ಕಂತು, ಸವಕಳಿ, ಪೆಟ್ರೋಲು, ರಿಪೇರಿ, ತೊಳೆಸುವುದು, ಯಾವುದೆಲ್ಲ ಖರ್ಚು ಎಂದು ಕಾನೂನೇ ಬಿಡಿಸಿ ಬರೆದಿದೆ. ಅಲ್ಲಿಯವರೆಗೆ ಅದು ಹಂಚಿಕೊಳ್ಳುವುದು, ಅದರಾಚೆಗೆ ವ್ಯಾಪಾರ. ಓದುತ್ತಾ ನನಗೆ ಜಗುಲಿ ನೆನಪಾಯಿತು. ಎತ್ತಿನ ಒಂದು ದಿನಕ್ಕೆ ಆಳಿನ ಎರಡು ದಿನ. ಅಪ್ಪ ಅದನ್ನು ಮೂರು ದಿನ ಮಾಡಬಹುದಿತ್ತು, ಹದದ ದಿನಗಳಲ್ಲಿ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಅವರು ಯಾವತ್ತೂ ಮಾಡಲಿಲ್ಲ.

ಬೆಂಗಳೂರಿನಲ್ಲಿರುವ ತಮ್ಮ ತನ್ನ ಕಾರನ್ನೂ ಹೀಗೆ ಕೊಡಬಹುದಾ ಎಂದು ಕೇಳಿದ್ದ. ಬಿಳಿ ಬೋರ್ಡಿನ ಸ್ವಂತ ಕಾರನ್ನು ನಮ್ಮಲ್ಲಿ ಬಾಡಿಗೆಗೆ ಕೊಡುವಂತಿಲ್ಲ. ತಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರಿಗೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರಬೇಕು. ಬೇಡ ಅಂದೆ.

ಇಲ್ಲಿಯೂ ಒಬ್ಬೊಬ್ಬರೇ ಹತ್ತು ಹದಿನೈದು ಕಾರಿಟ್ಟು ಇದನ್ನು ಪೂರ್ಣ ದಂಧೆ ಮಾಡಿಕೊಂಡವರಿದ್ದಾರೆ. ಕೀಯನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕಾರಿಗೇ ನೇತುಹಾಕುತ್ತಾರೆ, ನಂಬರು ಕಳಿಸುತ್ತಾರೆ, ಬಂದವರು ತೆಗೆದುಕೊಂಡು ಹೋಗುತ್ತಾರೆ. ಕೊಟ್ಟವರು ಒಯ್ದವರ ಮುಖ ನೋಡುವುದಿಲ್ಲ. ಅನುಕೂಲವಿದೆ, ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನನಗದು ಒಗ್ಗುವುದಿಲ್ಲ. ಕೈಯಿಂದ ಕೈಗೆ ಕೊಟ್ಟ ವಸ್ತುವಿನ ಜೊತೆ ಒಂದು ಮಾತೂ ಹೋಗಿರುತ್ತದೆ. ಒಯ್ದವರು ಬೆಟ್ಟದ ತಿರುವಿನಲ್ಲಿ ಕಾಲು ಒತ್ತುವ ಮುಂಚೆ ಆ ಮಾತು ಒಂದು ಸಲ ನೆನಪಾಗುತ್ತದೆ ಎಂದು ನಾನು ನಂಬಿದ್ದೇನೆ.

ಹಾಗೆಂದು ಹೆದರಿಕೆ ಇಲ್ಲವೆಂದಲ್ಲ. ಎರಡನೇ ವರ್ಷದ ಫೆಬ್ರವರಿಯಲ್ಲಿ ಒಂದು ರಾತ್ರಿ ಮಳೆ ಹಿಡಿಯಿತು. ಕಾರು ಒಂದು ದಂಪತಿಯ ಜೊತೆ ಬಿಗ್ ಸರ್ ಕಡೆ ಹೋಗಿತ್ತು. ಆ ಕರಾವಳಿಯಲ್ಲಿ ಜೋರು ಮಳೆ ಬಂದರೆ ಗುಡ್ಡ ಜರಿದು ರಸ್ತೆಯೇ ಸಮುದ್ರಕ್ಕೆ ಹೋಗುವುದುಂಟು. ನಾನು ಎದ್ದು ಕೂತೆ. ಮೊದಲು ಕಾರಿನ ಯೋಚನೆ ಬಂತು. ಹಿಂದಿನ ಟೈರು ಎಷ್ಟು ಸವೆದಿದೆ, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರು ಒದ್ದೆಯಲ್ಲಿ ಹೇಗೆ ಜಾರುತ್ತದೆ. ಆಮೇಲೆ ಆ ಹುಡುಗಿಯ ಮುಖ ನೆನಪಾಯಿತು, ಚಾವಣಿ ಮಡಚಿ ತೋರಿಸಿದಾಗ ಚಪ್ಪಾಳೆ ತಟ್ಟಿದ್ದಳು. ಆ ಟೈರು ಹಾಕಿದವಳು ನಾನು. ಇಲ್ಲಿಂದ ಮುಂದೆ ಕಾರಿನ ಯೋಚನೆ ಹೋಗಿ ಅವರಿಬ್ಬರದೇ ಆಯಿತು. ಬೆಳಿಗ್ಗೆ ಆರಕ್ಕೆ ಸಂದೇಶ ಬಂತು, ಮಳೆ ಜಾಸ್ತಿ, ಮಾಂಟೆರೆಯಲ್ಲೇ ಉಳಿದಿದ್ದೇವೆ, ಮಧ್ಯಾಹ್ನ ಹೊರಡಬಹುದೇ ಎಂದು. ಇನ್ನೊಂದು ದಿನ ಅಲ್ಲೇ ಇರಿ, ಅದರ ಬಾಡಿಗೆ ಬೇಡ ಎಂದು ಬರೆದೆ. ಆ ಸೋಮವಾರವೇ ನಾಲ್ಕೂ ಟೈರು ಬದಲಿಸಿದೆ. ಇನ್ನೂ ಆರು ತಿಂಗಳು ಬರುತ್ತಿದ್ದವು.

ಕ್ಲಚ್ಚಿನ ಕತೆ ಅದಾದ ಬೇಸಿಗೆಯದು. ಬಂದವನು ಇಪ್ಪತ್ತನಾಲ್ಕು ವರ್ಷದ ಹುಡುಗ. ಗೇರಿನ ಕಾರು ಬರುತ್ತದೆಯೇ ಎಂದು ನಾನು ಮೊದಲೇ ಕೇಳಿದ್ದಕ್ಕೆ ಬರುತ್ತದೆ ಎಂದು ಬರೆದಿದ್ದ. ಈ ದೇಶದಲ್ಲಿ ಗೇರಿನ ಕಾರು ಓಡಿಸಬಲ್ಲವರು ಕಡಿಮೆ, ಅವನ ವಯಸ್ಸಿನವರು ಇನ್ನೂ ಕಡಿಮೆ. ಹೊರಡುವಾಗ ಸದ್ದು ಕೇಳಿ ನನ್ನ ಹೊಟ್ಟೆಯಲ್ಲಿ ಒಂಥರಾ ಆಯಿತು. ಎಂಜಿನ್ ಕಿರುಚಿತು, ಕಾರು ಎರಡು ಸಲ ಜಿಗಿದು ನಿಂತಿತು, ಆಮೇಲೆ ಹೋಯಿತು. ಓಡಿಹೋಗಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಎರಡು ಗಂಟೆಯ ಮೇಲೆ ಫೋನು ಬಂತು. ವುಡ್‌ಸೈಡಿನಿಂದ ಬೆಟ್ಟ ಹತ್ತುವ ಏರಿನಲ್ಲಿ ಮುಂದೆ ಸೈಕಲ್ಲಿನವರ ಸಾಲು, ಹಿಂದೆ ಕಾರುಗಳ ಸಾಲು. ಅವನು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದುಕೊಂಡೇ ನಿಲ್ಲುತ್ತಾ ಏರುತ್ತಾ ಹೋಗಿದ್ದ. ಹಾಗೆ ಮಾಡಿದರೆ ಆಗುವುದು ಇಷ್ಟು: ಎಂಜಿನ್ನಿನ ಚಕ್ರಕ್ಕೂ ಗೇರಿಗೂ ನಡುವೆ ಊಟದ ತಟ್ಟೆಯಷ್ಟು ಅಗಲದ ಒಂದು ಡಿಸ್ಕು ಇದೆ. ಪೆಡಲು ಬಿಟ್ಟರೆ ಅದು ಅಂಟಿಕೊಂಡು ಶಕ್ತಿಯನ್ನು ದಾಟಿಸುತ್ತದೆ, ಒತ್ತಿದರೆ ಬಿಟ್ಟುಕೊಡುತ್ತದೆ. ಅರ್ಧದಲ್ಲೇ ಹಿಡಿದರೆ ಅಂಟಲೂ ಆಗದೆ ಬಿಡಲೂ ಆಗದೆ ಉಜ್ಜಿ ಉಜ್ಜಿ ಕಾಯುತ್ತದೆ, ಮೇಲಿನ ಪದರ ಸುಡುತ್ತದೆ. ನಾನು ಇನ್ನೊಂದು ಕಾರಿನಲ್ಲಿ ಸೇತುವೆ ದಾಟಿ ಹೋದೆ. ಬೆಟ್ಟದ ನೆತ್ತಿಗೆ ಇನ್ನೊಂದು ಮೈಲಿ ಇರುವಾಗ ರಸ್ತೆಯ ಬದಿಯಲ್ಲಿ ಕೆಂಪು ಕಾರು, ಅದರ ಪಕ್ಕದಲ್ಲಿ ನೆಲಕ್ಕೆ ಕೂತ ಹುಡುಗ. ಕೂದಲು ಸುಟ್ಟಂಥ ಕಟು ವಾಸನೆ ಇಪ್ಪತ್ತು ಹೆಜ್ಜೆ ಆಚೆಗೇ ಬಡಿಯಿತು. ಬಾನೆಟ್ಟಿನ ಮೇಲೆ ಕೈಯಿಟ್ಟೆ. ಆ ಬಿಸಿಯಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದೆ, ಏನು ಹೇಳಬೇಕೆಂದು ತೋಚಲಿಲ್ಲ.

ಅವನೇ ಹೇಳಿದ. ಗೇರಿನ ಕಾರು ಯಾವತ್ತೂ ಮುಟ್ಟಿರಲಿಲ್ಲ, ವಿಡಿಯೊ ನೋಡಿ ಕಲಿತಿದ್ದ. ಅವನು ಕೆಲಸ ಮಾಡುವುದು ಫ್ರೀಮಾಂಟ್‌ನ ಎಲೆಕ್ಟ್ರಿಕ್ ಕಾರಿನ ಕಾರ್ಖಾನೆಯಲ್ಲಿ. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಜೊತೆಗೂಡಿ ಶುರುಮಾಡಿದ, 2010ರ ತನಕ ಪೆಟ್ರೋಲು ಕಾರು ತಯಾರಾಗುತ್ತಿದ್ದ ಜಾಗ ಅದು. ಅವನ ತಂದೆ ಆ ಕಾಲದಲ್ಲಿ ಅಲ್ಲಿ ಗೇರ್‌ಬಾಕ್ಸ್ ಕೂರಿಸುವ ಕೆಲಸ ಮಾಡಿದ್ದರಂತೆ. ಅದೇ ಸೂರಿನ ಕೆಳಗೆ ಮಗ ಈಗ ಕ್ಲಚ್ಚೂ ಇಲ್ಲದ, ಗೇರು ಬದಲಿಸುವುದೂ ಇಲ್ಲದ ಕಾರು ಜೋಡಿಸುತ್ತಾನೆ. ತಂದೆ ತೀರಿಕೊಂಡು ಒಂದು ವರ್ಷ. "ಅಪ್ಪ ಏನನ್ನು ಕೂರಿಸುತ್ತಿದ್ದರು ಅಂತ ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕಿತ್ತು" ಎಂದ.

ರಿಪೇರಿಗೆ 1,900 ಡಾಲರಾಯಿತು. ಡಿಕ್ಕಿಗೆ, ಕಳವಿಗೆ ವಿಮೆ ಇರುತ್ತದೆ, ಸವೆತಕ್ಕೆ ಇರುವುದಿಲ್ಲ, ಕ್ಲಚ್ಚು ಸವೆತದ ಲೆಕ್ಕ. ಅವನು ಪೂರ್ತಿ ಕೊಡುತ್ತೇನೆ, ತಿಂಗಳಿಗಿಷ್ಟು ಅಂತ ಅಂದ. ಅರ್ಧ ತೆಗೆದುಕೊಂಡೆ. ಸದ್ದು ಕೇಳಿಯೂ ನಿಲ್ಲಿಸದೆ ಬಿಟ್ಟವಳು ನಾನು, ಆ ಅರ್ಧ ನನ್ನದೇ. ಅಮ್ಮನಿಗೆ ಹೇಳಿದಾಗ ಫೋನಿನ ಆ ಕಡೆ ಪಾತ್ರೆಯ ಸದ್ದು ಕೇಳಿಸಿತು.

ಕಾರು ಸರಿಯಾಗಿ ಬಂದ ಮೇಲೆ ಹುಡುಗನನ್ನು ಕರೆದೆ. ಮೂರು ಭಾನುವಾರ ಬೆಳಿಗ್ಗೆ ಓಲೋನಿ ಕಾಲೇಜಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅವನನ್ನು ಕೂರಿಸಿಕೊಂಡು ಕಲಿಸಿದೆ. ಮೊದಲ ದಿನ ಬಲಗಾಲನ್ನು ಪೆಡಲಿನ ಹತ್ತಿರವೂ ತರಬೇಡ ಅಂದೆ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚನ್ನು ಮಾತ್ರ ಕೂದಲೆಳೆಯಷ್ಟು ನಿಧಾನವಾಗಿ ಬಿಡುತ್ತಾ ಹೋದರೆ ಒಂದು ಕಡೆ ಕಾರು ತಾನಾಗಿ ಮೈ ಮುರಿದು ಹೊರಡುತ್ತದೆ. ಆ ಜಾಗ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅಂಗಾಲಿಗೆ ಸಣ್ಣ ನಡುಕ ಬರುತ್ತದೆ, ಎಂಜಿನ್ನಿನ ದನಿ ಒಂದು ಎಳೆ ತಗ್ಗುತ್ತದೆ. ಬೂಟು ಬಿಚ್ಚು ಅಂದೆ. ಕಾಲುಚೀಲದಲ್ಲಿ ಅವನು ನಲವತ್ತು ಸಲ ಮಾಡಿದ. ನಲವತ್ತೊಂದನೆಯದಕ್ಕೆ ಕಾರು ನೀರಿನ ಮೇಲಿನ ಎಲೆಯ ಹಾಗೆ ಹೊರಟಿತು. ಅವನು ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ನಾನು ಅಪ್ಪನ ಎರಡು ಬೆರಳನ್ನು ನೆನೆಯುತ್ತಿದ್ದೆ.

ಅಲ್ಲಿಂದ ಮುಂದೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಯಾರೇ ಬರಲಿ, ಅರ್ಧ ಗಂಟೆ ಮುಂಚೆ ಬರಬೇಕು, ನಾನು ಪಕ್ಕದಲ್ಲಿ ಕೂತು ನೈಲ್ಸ್ ಕಣಿವೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರಬೇಕು. ಇಷ್ಟವಿಲ್ಲದವರು ಬರುವುದಿಲ್ಲ. ಬಾಡಿಗೆಗಳು ಮೂರನೇ ಒಂದು ಪಾಲು ಕಡಿಮೆಯಾದವು. ನಿನ್ನ ಅರ್ಧ ಗಂಟೆಗೆ ಬೆಲೆ ಇಲ್ಲವಾ ಎಂದು ನಮ್ಮವರು ಕೇಳುತ್ತಿದ್ದರು. ಆ ಅರ್ಧ ಗಂಟೆಗಾಗಿಯೇ ನಾನು ಕಾರು ಕೊಡುತ್ತಿರುವುದು ಎಂದು ಅವರಿಗೆ ಈಗ ಗೊತ್ತಾಗಿದೆ. ಅರವತ್ತನೇ ಹುಟ್ಟುಹಬ್ಬಕ್ಕೆ ತನಗೆ ತಾನೇ ಈ ಕಾರನ್ನು ಕೊಟ್ಟುಕೊಂಡ ನರ್ಸ್ ಒಬ್ಬಾಕೆ ಆ ಕಣಿವೆಯ ಮೂರನೇ ತಿರುವಿನಲ್ಲಿ, ಮೂವತ್ತು ವರ್ಷ ರಾತ್ರಿಪಾಳಿ ಮಾಡಿದೆ, ಬೆಳಗಿನ ಬಿಸಿಲು ಹೀಗೆ ಮೈಮೇಲೆ ಬೀಳುವುದು ಮರೆತೇಹೋಗಿತ್ತು ಎಂದಳು. ಗುರುತಿಲ್ಲದವರು ಗುರುತಿಲ್ಲದವರಿಗೇ ಹೇಳಿಕೊಳ್ಳುವ ಮಾತುಗಳಿರುತ್ತವೆ.

ಕಾರು ಹಿಂದಿರುಗಿದ ಮೇಲೆ ಫೋಟೊ ತೆಗೆಯಬೇಕು, ನಾಲ್ಕೂ ಮೂಲೆ, ನಾಲ್ಕೂ ಚಕ್ರ, ಓಡಿದ ಮೈಲಿ, ಪೆಟ್ರೋಲಿನ ಮುಳ್ಳು. ಅದನ್ನೆಲ್ಲ ಮಾಡುತ್ತೇನೆ. ಆದರೆ ಅದಕ್ಕೂ ಮೊದಲು ಕುಕ್ಕರಗಾಲಿನಲ್ಲಿ ಕೂತು ತೋರುಬೆರಳನ್ನು ಚಕ್ರದ ಅಂಚಿನ ಗುಂಟ ಒಂದು ಸುತ್ತು ಆಡಿಸುತ್ತೇನೆ. ಫುಟ್‌ಪಾತಿನ ಕಲ್ಲಿಗೆ ತಾಗಿದ್ದರೆ ಕಣ್ಣಿಗೆ ಕಾಣುವ ಮುಂಚೆ ಉಗುರಿಗೆ ಸಿಗುತ್ತದೆ, ಸಣ್ಣ ಗರಗಸದಂಥ ಒರಟು. ಬ್ರೇಕಿನ ಕರಿಪುಡಿ ಬೆರಳಿಗೆ ಮೆತ್ತುತ್ತದೆ. ಎಷ್ಟು ಕರಿ ಇದೆ ಎನ್ನುವುದರಿಂದ ಬೆಟ್ಟ ಇಳಿಯುವಾಗ ಗೇರಿನಲ್ಲಿ ಇಳಿದರೋ ಬ್ರೇಕಿನಲ್ಲೇ ಇಳಿದರೋ ಗೊತ್ತಾಗುತ್ತದೆ. ಆಮೇಲೆ ಒಳಗೆ ಕೂರುತ್ತೇನೆ. ಸೀಟು ಅವರು ಬಿಟ್ಟ ಹಾಗೇ ಇರುತ್ತದೆ, ಕನ್ನಡಿ ಅವರ ಕಣ್ಣಿನ ಎತ್ತರಕ್ಕೆ ಇರುತ್ತದೆ. ಒಂದು ನಿಮಿಷ ಅವರು ನೋಡಿದ ರಸ್ತೆಯನ್ನು ಅವರು ನೋಡಿದ ಎತ್ತರದಿಂದ ನೋಡುತ್ತೇನೆ. ಆ ಹಿರಿಯರು ಮೊಣಕಾಲು ನೋವಿಗೆ ಸೀಟನ್ನು ತೀರಾ ಮುಂದಕ್ಕೆ ಎಳೆದುಕೊಂಡಿದ್ದರು. ಕೆಲವರ ಕಾಲಿನ ಕೆಳಗಿನ ಚಾಪೆಯಲ್ಲಿ ಸಮುದ್ರದ ಮರಳು, ಒಂದೊಂದು ಸಲ ಕೂದಲಿನ ಪಿನ್ನು. ಮರಳನ್ನು ಕೊಡವುತ್ತೇನೆ. ಸೀಟನ್ನು ನನ್ನ ಅಳತೆಗೆ ಎಳೆದುಕೊಳ್ಳುತ್ತೇನೆ.

ಹೋದ ಅಕ್ಟೋಬರಿನಲ್ಲಿ ಆ ಹುಡುಗ ಮತ್ತೆ ಕಾರು ಕೇಳಿದ, ಒಂದು ದಿನಕ್ಕೆ. ತಾಯಿಯನ್ನು ಕರೆದುಕೊಂಡು ಬಂದಿದ್ದ. ಆಕೆ ತಲೆಗೆ ಹೂವಿನ ಸ್ಕಾರ್ಫು ಕಟ್ಟಿಕೊಂಡು ಪಕ್ಕದ ಸೀಟಿನಲ್ಲಿ ಕೈಚೀಲವನ್ನು ಮಡಿಲಲ್ಲಿ ಹಿಡಿದು ಕೂತರು. ಇವತ್ತು ಕಣಿವೆಯ ಸುತ್ತು ಬೇಡ, ಹೋಗಿ ಬಾ ಅಂದೆ. ಮೆಟ್ಟಿಲ ಹತ್ತಿರ ನಿಂತು ಕೇಳಿಸಿಕೊಂಡೆ. ಒಂದನೇ ಗೇರು ಕೇಳಿಸಿತು, ಎರಡನೆಯದೂ ಕೇಳಿಸಿತು. ಮೂರನೆಯದಕ್ಕೆ ಯಾವಾಗ ಹೋದನೋ ತಿಳಿಯಲಿಲ್ಲ. ಸಂಜೆ ಇನ್ನೂ ಬೀದಿದೀಪ ಹತ್ತಿರಲಿಲ್ಲ, ಬಂದರು. ನಾನು ಬಾಗಿಲು ತೆರೆದು ಹೊರಗೆ ಬರುವಷ್ಟರಲ್ಲಿ ಅವನು ಮುಂದಿನ ಎಡಗಡೆಯ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಂಚಿನ ಗುಂಟ ಬೆರಳಾಡಿಸುತ್ತಿದ್ದ. ನಾಲ್ಕನ್ನೂ ಮುಗಿಸಿ ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೀ ಕೊಟ್ಟ.